ಮಳೆಗೆ ಲೈಸೆನ್ಸು ಯಾರು ಕೊಡಬೇಕು?

"ಒಂದೇ ದಿನದಲ್ಲಿ 228.6 ಮಿಲಿಮೀಟರ್? ಪಾಯಿಂಟು ಒಂದು ಮನೆ ಆಚೆ ಜಾರಿರಬಹುದು. 22.86 ಅಲ್ಲವೇ? ದಯವಿಟ್ಟು ಮೂಲವನ್ನು ವಿಚಾರಿಸಿ."

ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ನನ್ನ ಪುಲ್ ರಿಕ್ವೆಸ್ಟಿನ, ಅಂದರೆ ನಾನು ಬರೆದದ್ದನ್ನು ತಂತ್ರಾಂಶಕ್ಕೆ ಸೇರಿಸಿಕೊಳ್ಳಿ ಎಂಬ ಅರ್ಜಿಯ, ಕೆಳಗೆ ಈ ಟಿಪ್ಪಣಿ. ಬರೆದವರು ಅಂಥ ಅರ್ಜಿಗಳನ್ನು ಪರಿಶೀಲಿಸುವ ನಮ್ಮ ರಿವ್ಯೂಯರ್, ಇರುವುದು ಲಂಡನ್ನಿನಲ್ಲಿ. ಅಲ್ಲಿ ವರ್ಷವಿಡೀ ಬಿದ್ದರೂ ಮಳೆ ಸುಮಾರು 600 ಮಿಲಿಮೀಟರ್. ಇಲ್ಲಿ ಶಿರಸಿಯಲ್ಲಿ ಹೊಡೆತಕ್ಕೆ ಹೆಂಚು ನಡುಗುತ್ತಿದೆ, ಇನ್ವರ್ಟರ್ ಕುಂಯ್ ಅನ್ನುತ್ತಿದೆ, ನಾನು ಮಳೆ ಬಿದ್ದದ್ದಕ್ಕೆ ಸಾಕ್ಷಿ ಹುಡುಕಬೇಕು!

ನಮ್ಮದು ಸಂಶೋಧಕರಿಗಾಗಿ ಮಳೆ ಲೆಕ್ಕ ಹಾಕುವ ಓಪನ್ ಸೋರ್ಸ್ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು. ಅದರಲ್ಲಿ ನಾನು ಜೂನಿಯರ್. ಅಂದರೆ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು, ಯಾರಾದರೂ ಅದನ್ನು ನೋಡುವ ತನಕ ದೇವಸ್ಥಾನದ ಬಾಗಿಲಲ್ಲಿ ಹಣ್ಣುಕಾಯಿ ಹಿಡಿದು ನಿಂತವರ ಹಾಗೆ ನಿಂತಿರುವವನು. ಮೊದಲು "ಫೈಲಿನ ಕೊನೆಯಲ್ಲಿ ಖಾಲಿ ಸಾಲು ಬಿಡಿ" ಎಂದರು. ಬಿಟ್ಟೆ. ಆಮೇಲೆ ರಜೆಗೆ ಹೋದರು. ಬಂದವರು "ನಿಮ್ಮ ದಿನ ನಸುಕಿನ ಮೂರು ಗಂಟೆಗೆ ಯಾಕೆ ಶುರುವಾಗುತ್ತದೆ?" ಎಂದು ಕೇಳಿದರು. ಭಾರತದ ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ, ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಮೂರು ಗಂಟೆ ಎಂದು ಉದ್ದಕ್ಕೆ ಬರೆದೆ. ಒಂದು ಹೆಬ್ಬೆಟ್ಟು ಹಾಕಿ ಸುಮ್ಮನಾದರು. ರಾತ್ರಿಯ ಮೀಟಿಂಗಿನಲ್ಲಂತೂ "ಹಿಂದೆ ಏನೋ ಗದ್ದಲ, ಮ್ಯೂಟ್ ಮಾಡ್ತೀರಾ?" ಎಂಬ ವಿನಂತಿ. ಮಳೆಯ ತಂತ್ರಾಂಶದ ಮೀಟಿಂಗಿನಲ್ಲಿ ಮ್ಯೂಟ್ ಆದದ್ದು ಮಳೆ.

ಇರಲಿ. ಮೂಲವನ್ನು ವಿಚಾರಿಸಿ ಎಂದರಲ್ಲ. ಮೂಲ ಜಗಲಿಯಲ್ಲಿ ಕೂತು ಕವಳ ಹಾಕುತ್ತಿತ್ತು.

ನಮ್ಮ ದೊಡ್ಡಪ್ಪ ಮಳೆಗಾಲದಲ್ಲಿ ದಿನಾ ಎಂಟೂವರೆಗೆ ಸರಿಯಾಗಿ ಅಂಗಳದ ಮಳೆಮಾಪಕದ ಹತ್ತಿರ ಹಾಜರು. ದೋಸೆ ಆರಿದರೂ ಸರಿ, ಅಳತೆ ತಪ್ಪುವಂತಿಲ್ಲ. ಗಾಜಿನ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ, ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಇಂಚಿನಲ್ಲಿ ಬರೆಯುತ್ತಾರೆ. ಆ ಡೈರಿಯ ಒಂದು ಮಳೆಗಾಲವನ್ನೇ ನಾನು ತಂತ್ರಾಂಶವನ್ನು ಪರೀಕ್ಷಿಸುವ ಡೇಟಾ ಎಂದು ಸೇರಿಸಿದ್ದು.

"ದೊಡ್ಡಪ್ಪಾ, ಈ ಒಂಬತ್ತು ಇಂಚು ಹೌದನಾ ಹೇಳಿ ಕೇಳ್ತಾ ಇದ್ದ, ಲಂಡನ್ನಲ್ಲಿ ಒಬ್ಬವ."

ಕವಳ ಉಗಿಯಲು ಎದ್ದವರು ಉಗಿಯದೆ ನಿಂತರು. ಒಳಗೆ ಹೋಗಿ ಡೈರಿ ತಂದರು. ಆ ದಿನದ ಪುಟದಲ್ಲಿ ನೀಲಿ ಶಾಯಿ ತೇವಕ್ಕೆ ಹರಡಿತ್ತು: "9 ಇಂಚು. ಹಳ್ಳ ತೋಟಕ್ಕೆ ಬಂತು. ಕಾಲುಸಂಕ ಹೋಯಿತು. ಕೊನೆಗೌಡ ಬರಲಿಲ್ಲ."

"ಕಾಲುಸಂಕ ಎಂತ ಸುಮ್ಮಂಗೆ ಹೋತನಾ? ಅವಂಗೆ ಆಷಾಢದಲ್ಲಿ ಒಂದ್ಸಲ ಇಲ್ಲಿಗೆ ಬಪ್ಪಲೆ ಹೇಳು. ಕಂಬಳಿನೂ ತಪ್ಪಲೆ ಹೇಳು."

24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆಯೇ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ, ಅಂಥ ಮಳೆ ಬೀಳುತ್ತದೆ ಎಂದೇ ಆ ಹೆಸರು ಇಟ್ಟದ್ದು ಎಂದು ಉತ್ತರ ಬರೆದೆ. ಕಾಲುಸಂಕದ ಸಂಗತಿಯನ್ನೂ ಸೇರಿಸಿದೆ. ಈ ಸಲ ಉತ್ತರ ಬೇಗ ಬಂತು. "ಅದ್ಭುತ! ಆದರೆ ಈ ಡೇಟಾದ ಲೈಸೆನ್ಸ್ ಯಾವುದು?"

ಮತ್ತೆ ಜಗಲಿಗೆ ಹೋದೆ. ಸಿಸಿ ಬೈ ಅಂತ ಒಂದು ಲೈಸೆನ್ಸ್ ಇದೆ, ಯಾರು ಬೇಕಾದರೂ ಬಳಸಬಹುದು, ನಿಮ್ಮ ಹೆಸರು ಮಾತ್ರ ಹೇಳಬೇಕು ಎಂದು ವಿವರಿಸಿದೆ.

"ದುಡ್ಡು?"

"ಇಲ್ಲ."

"ನಿನ್ನ ಕೋಡೂ ಪುಕ್ಕಟೆ, ಯನ್ನ ಮಳೆಯೂ ಪುಕ್ಕಟೆ. ಅಲ್ದಾ ತಮಾ, ಮಳೆಗೆ ಲೈಸೆನ್ಸು ಕೊಡಲೆ ಆನು ಯಾರಾ?"

2019ರಲ್ಲಿ ಜಗತ್ತೆಲ್ಲ ನೋಡಿದ ಆ ಕಪ್ಪುರಂಧ್ರದ ಚಿತ್ರದ ಹಿಂದೆಯೂ ನಂಪೈಯಂಥ ಪುಕ್ಕಟೆ ತಂತ್ರಾಂಶವೇ ಇದ್ದದ್ದು ಎಂದೆ. "ಕಪ್ಪು ನೋಡಲೆ ಕಂಪ್ಯೂಟರ್ ಎಂತಕ್ಕೆ, ಕರೆಂಟು ಹೋದ್ರೆ ಸಾಕು" ಎಂದರು. ಆ ಹೊತ್ತಿಗೆ ಇನ್ವರ್ಟರ್ ಕೂಡ ಕೈಕೊಟ್ಟಿತ್ತು, ವಾದಿಸುವ ಹಾಗಿರಲಿಲ್ಲ.

ಬಾಯಲ್ಲಿ ಹೀಗೆ ಅಂದರೂ ಮಧ್ಯಾಹ್ನ ನೋಡಿದರೆ ಅಟ್ಟದ ಮೇಲಿನ ಡೈರಿಗಳೆಲ್ಲ ಕೆಳಗೆ ಬಂದಿದ್ದವು. ಧೂಳು ಒರೆಸಿ ಇಸವಿವಾರು ಜೋಡಿಸಿಟ್ಟಿದ್ದರು. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆಯೇ ಕೂರುವವರು. ಹಬ್ಬಕ್ಕೆ ಬಂದಾಗ "ಮಳೆ ಹೇಗಿದೆ" ಎಂದು ಕೇಳುತ್ತಾರೆ, ಉತ್ತರ ಮುಗಿಯುವಷ್ಟರಲ್ಲಿ ಫೋನು ನೋಡುತ್ತಾರೆ. ಇಷ್ಟು ವರ್ಷದಲ್ಲಿ ಈ ಪುಸ್ತಕಗಳನ್ನು ತೆರೆದು, ಒಂದು ಅಂಕಿ ಹಿಡಿದು, ಇದು ನಿಜವಾ ಎಂದು ಕೇಳಿದವರು ಲಂಡನ್ನಿನ ಆ ಮನುಷ್ಯ ಒಬ್ಬರೇ. ಸಿಟ್ಟಿನ ನಡುವೆಯೂ ನನಗೆ ಅವರ ಮೇಲೆ ಸ್ವಲ್ಪ ಗೌರವ ಬಂತು. ಸ್ವಲ್ಪ.

ಲೈಸೆನ್ಸಿಗೆ ದೊಡ್ಡಪ್ಪ ಒಪ್ಪಿದ್ದಾರೆ, ಆದರೆ ಷರತ್ತಿನ ಮೇಲೆ. ತಂತ್ರಾಂಶ ಮಳೆಯನ್ನು ಇಂಚಿನಲ್ಲಿ ತೋರಿಸಬೇಕು. ವಿಜ್ಞಾನದಲ್ಲಿ ಮಿಲಿಮೀಟರೇ ನಡೆಯುವುದು ಎಂದು ಹೇಳಿ ನೋಡಿದೆ.

"ಇಂಚು ಕಲ್ಸಿದವು ಅವ್ವೇ ಅಲ್ದಾ? ಈಗ ಬೇಡ ಹೇಳಿರೆ?"

ಹಾಗಾಗಿ ತಂತ್ರಾಂಶದ ಕೋರಿಕೆಗಳ ಪಟ್ಟಿಯಲ್ಲಿ ಹೊಸದೊಂದು ಇಶ್ಯೂ ತೆರೆದಿದ್ದೇನೆ. ಕೋರಿಕೆ ಯಾರದ್ದು ಎಂಬಲ್ಲಿ "ಮೂಲ" ಎಂದು ಹಾಕಿದ್ದೇನೆ.