ಗಂಟೆಗೊಂದು ಕಾಡು

ಕಾಡು ಬೆಳೆಯಲು ತಲೆಮಾರುಗಳೇ ಬೇಕು ಅನ್ನುವುದೆಲ್ಲ ಹಳೇ ಕಾಲದವರ ಸೋಮಾರಿತನ. ಟರ್ಕಿಯಲ್ಲಿ 2019ರ ನವೆಂಬರ್ 11ರಂದು ಒಂದೇ ದಿನಕ್ಕೆ 1 ಕೋಟಿ 10 ಲಕ್ಷ ಸಸಿ ನೆಟ್ಟರು. ಚೋರುಮ್ ಪ್ರಾಂತ್ಯದಲ್ಲಂತೂ ಒಂದು ಗಂಟೆಗೆ 3,03,150 ಸಸಿ ನೆಟ್ಟು ಗಿನ್ನಿಸ್ ದಾಖಲೆಯೂ ಆಯಿತು. ಕೆಲವೇ ತಿಂಗಳಲ್ಲಿ ಅರಣ್ಯ ಕಾರ್ಮಿಕರ ಸಂಘ, ತಾನು ನೋಡಿದ ಸಸಿಗಳಲ್ಲಿ ಶೇ. 90ರವರೆಗೂ ಸತ್ತಿವೆ ಎಂದಿತು. ಸಚಿವಾಲಯ, ಶೇ. 95 ಚೆನ್ನಾಗಿವೆ ಎಂದಿತು. ಎರಡನ್ನೂ ಕೂಡಿದರೆ ಶೇ. 185. ಇಷ್ಟು ಇಳುವರಿ ಕೊಡುವ ಬೆಳೆ ಬೇರೆ ಯಾವುದಿದೆ?

ನಿಮಗೂ ಇಂಥ ಕಾಡು ಬೇಕೆ? ಮೊದಲು ದಿನ ಗೊತ್ತುಮಾಡಿ. ಮಳೆ ನೋಡಬೇಡಿ, ಮುಖ್ಯ ಅತಿಥಿಯ ಡೈರಿ ನೋಡಿ. ಸಸಿಯ ಬೇರು ಚೀಲದೊಳಗೆ ಸುರುಳಿ ಸುತ್ತಿಕೊಂಡಿದ್ದರೆ ಕತ್ತರಿಸುವ ಗೋಜು ಬೇಡ. ಸಮಯವಿಲ್ಲದಿದ್ದರೆ ಚೀಲದ ಸಮೇತವೇ ಹೂಳಿ, ಫೋಟೋದಲ್ಲಿ ಕಾಣುವುದಿಲ್ಲ. ಜಾಗಕ್ಕೆ ಹುಲ್ಲುಗಾವಲೇ ಸರಿ. ಕುರಿ, ದನ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಎಲ್ಲ ಅಲ್ಲಿದ್ದರೂ ನಕ್ಷೆಯಲ್ಲಿ ಅದು ‘ಪಾಳು’. ಮೇಯಿಸುವವರನ್ನು ಕೇಳಲು ಹೋಗಬೇಡಿ. ಕೇಳಿದರೆ ದನ ಓಡಾಡುವ ದಾರಿ ಬಿಡಿ, ಮೇವಿನ ಮರ ಹಾಕಿ ಎಂದು ತಂಟೆ ತೆಗೆಯುತ್ತಾರೆ. ಬೇಲಿ ಸುತ್ತಿಬಿಡಿ. ಬೇಲಿ ಮುರಿದ ದಿನ ಬರೆಯಲು ‘ಜನರಲ್ಲಿ ಜಾಗೃತಿಯ ಕೊರತೆ’ ಎಂಬ ವಾಕ್ಯ ಸಿದ್ಧವಾಗಿಯೇ ಇದೆ.

ಕರಾವಳಿಯವರಿಗೆ ಇನ್ನೂ ಸುಲಭ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಒಗ್ಗುವುದು ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲೆ, ಉಬ್ಬರದ ನೀರು ಬಂದು ಇಳಿದುಹೋಗುವ ನೆಲದಲ್ಲಿ. ಆದರೆ ಆ ನೆಲ ಎಷ್ಟೋ ಕಡೆ ಸಿಗಡಿ ಕೆರೆಯಾಗಿದೆ, ಅದಕ್ಕೊಬ್ಬ ಮಾಲೀಕನೂ ಇದ್ದಾನೆ. ಅವನ ಜೊತೆ ಜಗಳ ಯಾರಿಗೆ ಬೇಕು? ಇನ್ನೂ ಕೆಳಗಿಳಿದು, ಯಾರಿಗೂ ಸೇರದ ಕೆಸರಿನಲ್ಲಿ ನೆಟ್ಟುಬಿಡಿ. ದಿನದ ಬಹುಪಾಲು ಹೊತ್ತು ಮುಳುಗಿದ ಗಿಡದ ಬೇರಿಗೆ ಉಸಿರು ಸಿಗುವುದಿಲ್ಲ, ಕಾಂಡಕ್ಕೆ ಚಿಪ್ಪುಜೀವಿ ಅಂಟುತ್ತದೆ, ಅಲೆ ಉಳಿದದ್ದನ್ನು ಕೀಳುತ್ತದೆ. ಶ್ರೀಲಂಕಾದಲ್ಲಿ 2004ರ ಸುನಾಮಿಯ ನಂತರ ಕಾಂಡ್ಲಾ ನೆಟ್ಟ 23 ಜಾಗಗಳನ್ನು ಪರಿಶೀಲಿಸಿದಾಗ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಪಾಳುಬಿದ್ದ ಸಿಗಡಿ ಕೆರೆಯ ಒಡ್ಡು ಒಡೆದು ಉಬ್ಬರಕ್ಕೆ ದಾರಿ ಬಿಟ್ಟರೆ, ಹತ್ತಿರದಲ್ಲಿ ತಾಯಿಮರಗಳಿದ್ದಲ್ಲಿ ಮೊಳಕೆಗಳು ತಾವಾಗಿಯೇ ತೇಲಿಬಂದು ಬೇರೂರುತ್ತವೆ. ಆದರೆ ಒಡ್ಡು ಒಡೆಯುವುದಕ್ಕೆ ಮುಖ್ಯ ಅತಿಥಿಯನ್ನು ಕರೆಯುವುದು ಹೇಗೆ?

ನೈಜರ್ ದೇಶದ ರೈತರನ್ನಂತೂ ಮಾದರಿಯಾಗಿ ಇಟ್ಟುಕೊಳ್ಳಲೇಬೇಡಿ. ಹೊಲದಲ್ಲಿ ಹೂತಿದ್ದ ಹಳೇ ಬೊಡ್ಡೆಗಳ ಚಿಗುರಿನಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ, ಮಿಕ್ಕಿದ್ದನ್ನು ಸವರಿ ಸೌದೆಗೆ ಒಯ್ದರು. ಪಕ್ಕದ ಕವಲು ಕಡಿದು ಕಾಂಡ ನೇರ ಮಾಡಿದರು. ಮರ ಸರ್ಕಾರದ್ದು ಎನ್ನುವ ಭಯ ಹೋಗಿ, ತಮ್ಮದೇ ಎನ್ನುವ ಧೈರ್ಯ ಬಂದಮೇಲೆ ಕಡಿಯುವ ಕೈಗಳೇ ಕಾವಲಿಗೆ ನಿಂತವು. ಸುಮಾರು 50 ಲಕ್ಷ ಹೆಕ್ಟೇರ್ ಹಸಿರಾಯಿತು. ಪ್ರಗತಿ ಕೋಷ್ಟಕದಲ್ಲಿ ಇದಕ್ಕೆ ಏನು ತುಂಬುವುದು? ತೋಡಿದ ಗುಂಡಿ: 0. ನೆಟ್ಟ ಸಸಿ: 0. ಸಾಧನೆ: ಶೇ. 0. ‘ಮೂರನೇ ವರ್ಷ ಬದುಕಿರುವ ಗಿಡ’ ಅನ್ನುವ ಕಾಲಮ್ಮು ಅದರಲ್ಲಿಲ್ಲ. ಎರಡನೇ ವರ್ಷಕ್ಕೇ ಯೋಜನೆ ಮುಗಿದಿರುತ್ತದಲ್ಲ.