ಬಾಸ್ ಇಲ್ಲದ ಕಂಪನಿಯಲ್ಲಿ ರಜೆ ಕೊಡುದು ಯಾರು?

ಅಕ್ಕನ ಮಗನಿಗೆ ಬೆಂಗಳೂರಲ್ಲಿ ಕೆಲಸ ಆಯಿತು. ಮೊನ್ನೆ ಉಡುಪಿಯಲ್ಲಿ ರಥಬೀದಿ ಹತ್ತಿರದ ಹೋಟೆಲಿನಲ್ಲಿ ಕೂತಿದ್ದೆವು. "ಮಾವ, ಅಲ್ಲಿ ಬಾಸೇ ಇಲ್ಲ, ಗೊತ್ತುಂಟಾ? ಫುಲ್ ಫ್ಲಾಟ್. ಎಲ್ಲರೂ ಸಮ" ಅಂತ ಅವನ ಸಂಭ್ರಮ. ಅಷ್ಟರಲ್ಲಿ ವಡೆ ಬಂತು, ತಣ್ಣಗೆ, ಕಲ್ಲಿನ ಹಾಗೆ. ಸಪ್ಲೈಯರ್ ಹುಡುಗನಿಗೆ ತೋರಿಸಿದೆ. ಅವ ದುಡ್ಡು ತೆಗೆದುಕೊಳ್ಳುವ ಗಲ್ಲಾದ ಕಡೆ ತಿರುಗಿಯೂ ನೋಡದೆ ಪ್ಲೇಟ್ ಎತ್ತಿಕೊಂಡು ಹೋಗಿ ಬಿಸಿ ವಡೆ ತಂದಿಟ್ಟ. ಗಲ್ಲಾದಲ್ಲಿದ್ದ ಯಜಮಾನರಿಗೆ ವಿಷಯವೇ ಗೊತ್ತಿಲ್ಲ.

ನಾನು ಎರಡೂ ತರದ ಕಂಪನಿಯ ಉಪ್ಪು ತಿಂದವ. ಮೊದಲು ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ, ಹೆಸರು ಬೇಡ, ಸ್ಟೋರ್ಸ್‌ನಲ್ಲಿದ್ದೆ. ಒಂದು ದಿನ ಮೆಷಿನಿನ ಬೆಲ್ಟ್ ತುಂಡಾಯಿತು. ಬೆಲೆ 380 ರೂಪಾಯಿ. ಅಂಗಡಿಗೆ ಬೈಕಿನಲ್ಲಿ ಹತ್ತು ನಿಮಿಷ. ಆದರೆ ಇಂಡೆಂಟ್, ಅಂದರೆ ಬೇಕು ಅಂತ ಕೇಳುವ ಚೀಟಿ, ಬರೆಯಬೇಕು. ಅದಕ್ಕೆ ಸೂಪರ್‌ವೈಸರ್ ಸಹಿ, ಮತ್ತೆ ಶಿಫ್ಟ್ ಇನ್‌ಚಾರ್ಜ್, ಮೇಂಟೆನೆನ್ಸ್ ಮ್ಯಾನೇಜರ್, ಪರ್ಚೇಸ್, ಕಡೆಗೆ ಜಿಎಂ. ಜಿಎಂ ಆ ವಾರ ಮುಂಬೈಯಲ್ಲಿ. ನಾಲ್ಕು ದಿನ ಮೆಷಿನ್ ನಿಂತಿತು. ಆ ಐದು ಜನರಲ್ಲಿ ಬೆಲ್ಟ್ ಬೇಡ ಅಂದವರು ಒಬ್ಬರೂ ಇಲ್ಲ!

ಆಮೇಲೆ ಮಂಗಳೂರಿನಲ್ಲಿ 14 ಜನರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಲೆಕ್ಕ ನೋಡಲು ಸೇರಿದೆ. ಅಲ್ಲಿ ಹುದ್ದೆಗಳೇ ಇರಲಿಲ್ಲ. ಮಾಲಕರನ್ನೂ ಹೆಸರು ಹಿಡಿದೇ ಕರೆಯಬೇಕು (ನನ್ನ ನಾಲಿಗೆ ಕಡೆವರೆಗೂ ಹೊರಳಲಿಲ್ಲ). ಮೊದಲ ತಿಂಗಳು ಸ್ವರ್ಗ. ಮಳೆಗಾಲ ಸುರುವಾಗಿ ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿ ಸತ್ತದ್ದು ಗೊತ್ತಾಯಿತು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂತು, ಬ್ಯಾಟರಿ ಬರಲಿಲ್ಲ. ತರಬೇಕಾದ್ದು ಯಾರು ಅಂತ ಯಾರಿಗೂ ಹೇಳಿರಲಿಲ್ಲವಲ್ಲ. ಜೂನ್ ಪೂರ್ತಿ ಕರೆಂಟ್ ಹೋದ ಹಾಗೆಲ್ಲ ಎದ್ದು ಚಾ ಕುಡಿಯಲು ಹೋಗುದೇ ಕೆಲಸ. ನಿಧಾನಕ್ಕೆ ಇನ್ನೊಂದು ತಿಳಿಯಿತು. ಬಾಸ್ ಇಲ್ಲ ಅಂದರೂ, ಮಾಲಕರ ಜತೆ ಸಂಜೆ ಶಟಲ್ ಆಡುವ ಇಬ್ಬರ ಮಾತೇ ನಡೆಯುತ್ತಿತ್ತು. ಫ್ಯಾಕ್ಟರಿಯಲ್ಲಿ ಯಾರ ಬಾಗಿಲಲ್ಲಿ ನಿಲ್ಲಬೇಕು ಅಂತಲಾದರೂ ಗೊತ್ತಿತ್ತು ಮಾರಾಯ್ರೆ.

ಕಂಪನಿಗಳಿಗೆ ಫ್ಲಾಟ್ ಮೇಲೆ ಯಾಕಿಷ್ಟು ಪ್ರೀತಿ ಅಂತ ಕೇಳಿದರೆ, ಲೆಕ್ಕದವ ನಾನು, ಲೆಕ್ಕದಲ್ಲೇ ಹೇಳ್ತೇನೆ. 64 ಜನ ಕೆಲಸಗಾರರು, ನಾಲ್ವರಿಗೊಬ್ಬ ಮೇಲಿನವ ಅಂತಿಟ್ಟರೆ 16, ಅವರ ಮೇಲೆ 4, ತುದಿಯಲ್ಲಿ 1. ಒಟ್ಟು 21 ಮೇಲಿನವರು. ಸ್ವಲ್ಪ ಫ್ಲಾಟ್ ಮಾಡಿ ಎಂಟು ಜನರಿಗೊಬ್ಬ ಅಂತಿಟ್ಟರೆ 8 ಮತ್ತು 1, ಬರೀ 9. ಹನ್ನೆರಡು ದೊಡ್ಡ ಸಂಬಳ ಉಳಿಯಿತು. ಸಮಾನತೆಯ ಭಾಷಣ ಆಮೇಲೆ ಬರುದು. ಎಂಟು ಜನರನ್ನು ನೋಡುವವನ ಮಂಡೆ ಬಿಸಿ ಯಾವ ಲೆಕ್ಕದಲ್ಲೂ ಇಲ್ಲ, ಕೆಳಗಿದ್ದವನಿಗೆ ಏರಲು ಮೆಟ್ಟಿಲೂ ಇಲ್ಲ.

ದೊಡ್ಡವರೂ ಎಡವಿದ್ದಾರೆ. 2002ರಲ್ಲಿ ಗೂಗಲ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇಂಜಿನಿಯರಿಂಗ್ ಮ್ಯಾನೇಜರುಗಳೇ ಬೇಡ ಅಂತ ತೆಗೆದು ನೋಡಿದರು. ಖರ್ಚಿನ ಬಿಲ್ಲು, ಇಬ್ಬರ ನಡುವಿನ ಜಗಳ, ಎಲ್ಲ ಸೀದಾ ಪೇಜ್ ಹತ್ತಿರ ಬರತೊಡಗಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟರು.

ನಮ್ಮ ಕರಾವಳಿಯವರಿಗೆ ಹುದ್ದೆಗಳ ಏಣಿ ಹೊಸತಲ್ಲ. ಕೆನರಾ, ಕಾರ್ಪೊರೇಷನ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಎಲ್ಲ ಇಲ್ಲೇ ಹುಟ್ಟಿದ ಬ್ಯಾಂಕುಗಳು. ನಮ್ಮ ಅಪ್ಪನೂ ಬ್ಯಾಂಕಿನವರೇ. ಆಗ ಆಫೀಸರುಗಳಿಗೆ ಸ್ಕೇಲ್, ಅಂದರೆ ದರ್ಜೆ, ಒಂದರಿಂದ ಏಳು. "ಸ್ಕೇಲ್ ಟೂ ಆಯ್ತಂತೆ" ಅಂದರೆ ಅಮ್ಮನಿಗೆ ಅರ್ಧ ಖುಷಿ, ಅರ್ಧ ಟ್ರಾನ್ಸ್‌ಫರ್ ಹೆದರಿಕೆ. ಆ ಏಣಿಯನ್ನು ನಾವೆಲ್ಲ ತಮಾಷೆ ಮಾಡಿದವರೇ. ಆದರೆ ಯಾವ ಸ್ಕೇಲಿನವ ಎಷ್ಟು ಸಾಲ ತಾನೇ ಮಂಜೂರು ಮಾಡಬಹುದು ಅಂತ ಮಿತಿ ಬರೆದಿಟ್ಟಿರುತ್ತದೆ. ಅದರೊಳಗೆ ಅವನದೇ ಮಾತು. ನಮ್ಮ ಫ್ಯಾಕ್ಟರಿಯಲ್ಲಿ ಮೆಟ್ಟಿಲು ಇತ್ತು, ಈ ಮಿತಿ ಇರಲಿಲ್ಲ. 380 ರೂಪಾಯಿಯೂ ತುದಿಗೇ ಹೋಗಬೇಕು.

ಮಲ್ಪೆಯ ಪರ್ಸೀನ್ ಬೋಟು, ಮೀನಿನ ಸುತ್ತ ದೊಡ್ಡ ಬಲೆ ಬಿಡುವ ಬೋಟು, ನೋಡಿ. 30ರ ಆಸುಪಾಸು ಜನ, ಒಬ್ಬ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಇದಕ್ಕಿಂತ ಫ್ಲಾಟ್ ಎಂತ ಬೇಕು? ಎಲ್ಲರ ಕೈಯೂ ಒಂದೇ ಬಲೆಯಲ್ಲಿ, ಯಾರು ಎಳೀತಿದ್ದಾರೆ, ಯಾರು ಕಳ್ಳಬೀಳ್ತಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಒಬ್ಬನಿಗೆ ಅಷ್ಟು ಜನ ಸುಧಾರಿಸುತ್ತದೆ. ಬಲೆ ಎಲ್ಲಿ ಬಿಡುದು ಅಂತ ಹೇಳುವವ ಮಾತ್ರ ತಂಡೇಲನೇ. ದಡಕ್ಕೆ ಬಂದ ಮೇಲೆ ಡೀಸೆಲ್, ಐಸ್ ಖರ್ಚು ಕಳೆದು ಪಾಲು. ಅವನಿಗೆ ಹೆಚ್ಚು ಯಾಕೆ ಅಂತ ಯಾರೂ ಕೇಳುದಿಲ್ಲ.

ಹುಡುಗನಿಗೆ ಹೇಳಿದೆ, ಸೇರುವ ಮೊದಲು ಎಚ್‌ಆರ್ ಹತ್ತಿರ ಎರಡು ಪ್ರಶ್ನೆ ಕೇಳು. ಜ್ವರ ಬಂದರೆ ರಜೆ ಯಾರಿಗೆ ಹೇಳಬೇಕು? ಎಷ್ಟು ರೂಪಾಯಿವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು? ನಿನ್ನೆ ಫೋನ್ ಮಾಡಿದ್ದ. ಎರಡನೆಯದಕ್ಕೆ ಉತ್ತರ ಬಂದಿಲ್ಲವಂತೆ. ಮೊದಲನೆಯದಕ್ಕೆ, "ಗ್ರೂಪಿನಲ್ಲಿ ಹಾಕಿ, ಯಾರಾದರೂ ನೋಡ್ತಾರೆ."

ಆದರೂ ಸೇರುತ್ತಾನಂತೆ. ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿದೆ.