ಮನೆ ವೈರಿಂಗ್ ಮಾಡುವವರನ್ನು ಎಲೆಕ್ಟ್ರಿಷಿಯನ್ ಅನ್ನಬಹುದಾ? ಪರ, ವಿರೋಧ

ನಾನು ಈ ಕೆಲಸ ಕಲಿತದ್ದು ಎರಡು ಕಡೆ. ಮೊದಲು ಸೋದರಮಾವನ ಜೊತೆ. ದಾವಣಗೆರೆ ಸುತ್ತಮುತ್ತ ಎಲ್ಲಿ ಮನೆ ಏಳುತ್ತಿತ್ತೋ ಅಲ್ಲಿಗೆ ಹೆಲ್ಪರ್ ಆಗಿ ಹೋಗುತ್ತಿದ್ದೆ. ಆಮೇಲೆ ಐಟಿಐ ಸೇರಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದೆ. ಈಗ ಕೈಯಲ್ಲಿ ವೈರ್‌ಮನ್ ಪರ್ಮಿಟ್ ಇದೆ. ಹಾಗಾಗಿ ಈ ಪ್ರಶ್ನೆ ಬಂದಾಗಲೆಲ್ಲ ನನ್ನೊಳಗೆ ಎರಡು ಉತ್ತರ ಏಳುತ್ತವೆ. ಎರಡನ್ನೂ ಬರೆದಿದ್ದೇನೆ. ಎರಡನೆಯದು ಸ್ವಲ್ಪ ಉದ್ದವಾಗಿದೆ, ಯಾಕೆಂದರೆ ನಾನು ಕೊನೆಗೆ ಬಂದು ನಿಂತಿರುವುದು ಅಲ್ಲಿ.

ಪರ

ಮೋಲ್ಡ್ ಹಾಕುವ ಹಿಂದಿನ ದಿನ ಸೆಂಟ್ರಿಂಗ್ ಮೇಲೆ ಹತ್ತಿ ನೋಡಿ. ಕಂಬಿ ಕಟ್ಟಿ ಮುಗಿದಿರುತ್ತದೆ. ಬಿಸಿಲಿಗೆ ಕಂಬಿ ಕಾದು ಚಪ್ಪಲಿ ದಾಟಿ ಸುಡುತ್ತದೆ. ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಮಾವ ಪೈಪ್ ಎಳೆಯುತ್ತಿದ್ದರು. ಕೈಯಲ್ಲಿ ಡ್ರಾಯಿಂಗ್ ಇಲ್ಲ. ಬಹಳ ಮನೆಗಳಿಗೆ ಎಲೆಕ್ಟ್ರಿಕಲ್ ಡ್ರಾಯಿಂಗ್ ಅಂತಲೇ ಇರುತ್ತಿರಲಿಲ್ಲ. ಕೆಳಗೆ ಯಾವ ಕೋಣೆ, ಮಂಚ ಎಲ್ಲಿ ಬರುತ್ತೆ, ಫ್ಯಾನ್ ಎಲ್ಲಿ, ಎಲ್ಲವೂ ಅವರ ತಲೆಯಲ್ಲಿ. ಫ್ಯಾನ್ ಬಾಕ್ಸನ್ನು ಬೈಂಡಿಂಗ್ ವೈರಲ್ಲಿ ಕಂಬಿಗೆ ಬಿಗಿದು, ಒಳಗೆ ಸಿಮೆಂಟ್ ಹಾಲು ಇಳಿಯದಂತೆ ಪೇಪರ್ ತುರುಕಿ, ಮರುದಿನ ಕಾಂಕ್ರೀಟ್ ಬೀಳುವಾಗ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ನಿಂತಿರುತ್ತಿದ್ದರು. ಗಾರೆಯವರ ಕಾಲಿಗೆ ಸಿಕ್ಕಿ ಒಂದು ಪೈಪ್ ಬಿಟ್ಟುಕೊಂಡರೂ ಆಮೇಲೆ ಮೇಲ್ಛಾವಣಿ ಒಡೆಯಬೇಕು, ಅಲ್ವಾ? ಮಾವ ಹಾಕಿದ ಪೈಪಲ್ಲಿ ವೈರ್ ಎಳೆಯುವ ಸ್ಪ್ರಿಂಗ್ ಸಿಕ್ಕಿಹಾಕಿಕೊಂಡದ್ದು ನಾನು ನೋಡಿಲ್ಲ.

ಐಟಿಐಯಲ್ಲಿ ಇದನ್ನು ನಮಗೆ ಬೋರ್ಡ್ ಮೇಲೆ ಕಲಿಸಿದರು. ಮರದ ಹಲಗೆಗೆ ಪೈಪ್ ಹೊಡೆದು ಎರಡು ಬಲ್ಬು, ಒಂದು ಸ್ವಿಚ್ಚು. ಮೋಟಾರ್ ವೈಂಡಿಂಗ್ ಕಲಿತೆವು. ಟ್ರಾನ್ಸ್‌ಫಾರ್ಮರ್, ಸ್ಟಾರ್ಟರ್, ಡಿಸಿ ಮೆಷಿನ್ ಕಲಿತೆವು. ಎಲ್ಲ ಬೇಕಾದದ್ದೇ. ಆದರೆ ನನ್ನ ಜೊತೆ ಪಾಸಾದವರಲ್ಲಿ ಒಂದು ಇಡೀ ಮನೆಯ ವೈರಿಂಗನ್ನು ತಾನೇ ನಿಂತು ಮುಗಿಸಬಲ್ಲವನು ಆಗ ಯಾರೂ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ಮಾತ್ರ ನಾವೆಲ್ಲ ಎಲೆಕ್ಟ್ರಿಷಿಯನ್.

ಇನ್ನು ಕಾನೂನಿನ ಮಾತು. ಗ್ರಾಹಕರ ಮನೆಯಲ್ಲಿ ವೈರಿಂಗ್ ಮಾಡಲು ಮೂರು ಜನ ಬೇಕು ಅನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ: ಲೈಸೆನ್ಸ್ ಇರುವ ಕಂಟ್ರಾಕ್ಟರ್, ಮೇಲ್ವಿಚಾರಣೆಗೆ ಅರ್ಹತಾ ಪತ್ರ ಇರುವ ಸೂಪರ್‌ವೈಸರ್, ಕೈಯಿಟ್ಟು ಕೆಲಸ ಮಾಡಲು ಪರ್ಮಿಟ್ ಇರುವವನು. 1956ರ ಹಳೆಯ ವಿದ್ಯುತ್ ನಿಯಮದಲ್ಲಿ ಇದ್ದದ್ದೇ 2010ರಲ್ಲೂ ಬಂತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ. ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಈ ಲೈಸೆನ್ಸು, ಪರ್ಮಿಟ್ಟು ಸಿಗುತ್ತವೆ. ಅಲ್ಲಿ ಕೊಡುವುದು ವೈರ್‌ಮನ್ ಪರ್ಮಿಟ್. ಯಾರು ಎಲೆಕ್ಟ್ರಿಷಿಯನ್, ಯಾರು ಅಲ್ಲ ಅನ್ನುವ ಜಗಳ ಜನರ ಬಾಯಲ್ಲಿ ಹುಟ್ಟಿದ್ದು.

ಕಾಗದದಲ್ಲಿ ಮೂರು ಜನ. ಸೈಟಿನಲ್ಲಿ ಎಷ್ಟೋ ಕಡೆ ಮಾವನಂಥ ಒಬ್ಬರು, ಜೊತೆಗೆ ಒಬ್ಬ ಹುಡುಗ. ಮನೆ ಮುಗಿದ ಮೇಲೆ ಮೀಟರ್ ಬೇಕು, ಅದಕ್ಕೆ ಲೈಸೆನ್ಸ್ ಇದ್ದವರ ಕಂಪ್ಲೀಷನ್ ರಿಪೋರ್ಟ್ ಬೇಕು. ಆ ಮನೆಯ ಹೊಸಿಲನ್ನೇ ತುಳಿಯದವರ ಸಹಿ ಅದರ ಮೇಲೆ ಬಿದ್ದದ್ದನ್ನು ನಾನು ಒಂದು ಸಲ ಅಲ್ಲ, ಹಲವು ಸಲ ನೋಡಿದ್ದೇನೆ. ಕೆಲಸ ಗೊತ್ತಿರುವವನಿಗೆ ಹೆಸರಿಲ್ಲ, ಹೆಸರಿರುವವನು ಕೆಲಸದ ಹತ್ತಿರ ಬಂದಿಲ್ಲ. ಹೀಗಿರುವಾಗ ವರ್ಷಕ್ಕೆ ಇಪ್ಪತ್ತು ಮನೆ ಮುಗಿಸುವ ಮನುಷ್ಯನಿಗೆ ‘ನೀನು ಎಲೆಕ್ಟ್ರಿಷಿಯನ್ ಅಲ್ಲ’ ಅನ್ನಲು ನಮಗೆ ಮನಸ್ಸಾದರೂ ಹೇಗೆ ಬರುತ್ತೆ?

ಹೆಸರಿನ ಮೇಲೆ ಕೂಲಿಯೂ ನಿಂತಿದೆ. ಟೈಲ್ಸ್‌ಗೆ ಲಕ್ಷ ಲಕ್ಷ ಸುರಿಯುವ ಮನೆಯವರು ವೈರಿಂಗ್‌ಗೆ ಬಂದಾಗ ಪಾಯಿಂಟ್‌ಗೆ ಹತ್ತು ರೂಪಾಯಿ ಕಡಿಮೆ ಮಾಡಿ ಎಂದು ಚೌಕಾಸಿ ಮಾಡುತ್ತಾರೆ. ‘ಲೋಕಲ್ ವೈರಿಂಗ್‌ನವನು’ ಅಂದರೆ ಒಂದು ದರ, ‘ಎಲೆಕ್ಟ್ರಿಷಿಯನ್’ ಅಂದರೆ ಇನ್ನೊಂದು. ಕೈಯಲ್ಲಿರುವ ಕೆಲಸವನ್ನು ನೋಡಿ ಸರ್ಟಿಫಿಕೇಟ್ ಕೊಡುವ ದಾರಿ ಸರ್ಕಾರದಲ್ಲೂ ಇದೆ. ಕೇಂದ್ರದ ಕೌಶಲ್ಯ ಯೋಜನೆಯಲ್ಲಿ, ಶಾಲೆಗೆ ಹೋಗದೆ ಕೆಲಸದಲ್ಲೇ ಕಲಿತವರನ್ನು ಪರೀಕ್ಷಿಸಿ ಮಾನ್ಯ ಮಾಡುವ ವ್ಯವಸ್ಥೆ ಇದೆ. ಅಂದಮೇಲೆ ಮನೆ ವೈರಿಂಗ್ ಮಾಡುವವರಿಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ? ಮನೆಯ 230 ವೋಲ್ಟಿನ ಕೆಲಸ ಗೊತ್ತಿರಬೇಕಾದವನಿಗೆ ಸಬ್‌ಸ್ಟೇಷನ್ ಯಾಕೆ ಗೊತ್ತಿರಬೇಕು? ಸೈಕಲ್ ರಿಪೇರಿಯವನಿಗೆ ಲಾರಿ ಎಂಜಿನ್ ಬಿಚ್ಚಲು ಬರುವುದಿಲ್ಲ ಎಂದು ಯಾರೂ ಬೈಯುವುದಿಲ್ಲ.

ವಿರೋಧ

ಮಾವನ ಜೊತೆ ನಾನೇ ಕೆಲಸ ಮಾಡಿದ್ದ ಒಂದು ಮನೆಯಿಂದ ಎಂಟು ವರ್ಷದ ಮೇಲೆ ಫೋನ್ ಬಂತು. ಬಾತ್‌ರೂಮ್ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಗೀಸರ್ ಹಾಳಾಗಿರಬೇಕು, ಬಂದು ನೋಡಪ್ಪ ಅಂದರು ಆ ಮನೆಯ ಅಜ್ಜಿ. ಹೋದೆ. ಗೀಸರ್ ಸರಿಯಾಗಿತ್ತು. ಸಾಕೆಟ್ ಬಿಚ್ಚಿದೆ. ಮೇಲಿನ ದಪ್ಪ ಪಿನ್ನಿಗೆ ಹಸಿರು ವೈರ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತಿಂಗ್ ವೈರ್, ಬಂದೇ ಇರಲಿಲ್ಲ. ಅದರ ಬದಲು ಎರಡಿಂಚಿನ ಕಪ್ಪು ತುಂಡೊಂದು ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಆ ಪಿನ್ನಿಗೆ ಲೂಪ್ ಆಗಿತ್ತು. ಆ ತುಂಡನ್ನು ಸುಲಿದು ಸ್ಕ್ರೂ ಬಿಗಿದಿದ್ದು ನಾನೇ. ಆ ದಿನ ನೆನಪಿದೆ. ಬಾತ್‌ರೂಮ್ ಕಡೆಯ ವೈರಿಂಗ್ ಪೈಪಿನಲ್ಲಿ ಅರ್ತಿಂಗ್ ವೈರ್ ಎಳೆಯುವುದು ಬಿಟ್ಟುಹೋಗಿತ್ತು. ‘ಲೂಪ್ ಕೊಡು, ನಡೆಯುತ್ತೆ’ ಅಂದರು ಮಾವ. ಫೇಸ್‌ಗೂ ಆ ಪಿನ್ನಿಗೂ ನಡುವೆ ಹೋಲ್ಡರ್ ಬಲ್ಬ್ ಹಿಡಿದೆವು. ಚೆನ್ನಾಗಿ ಉರಿಯಿತು. ಅರ್ತಿಂಗ್ ಬಂತು ಅಂದುಕೊಂಡು ಮುಚ್ಚಿದೆವು.

ಎಂಟು ವರ್ಷ ಏನೂ ಆಗಲಿಲ್ಲ. ಎಂಟನೇ ವರ್ಷ ಡಿಬಿಯಲ್ಲಿ, ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಆ ಸರ್ಕ್ಯೂಟಿನ ನ್ಯೂಟ್ರಲ್ ಸ್ಕ್ರೂ ಸಡಿಲವಾಯಿತು. ನ್ಯೂಟ್ರಲ್ ಬಿಟ್ಟುಕೊಂಡಾಗ ಫೇಸ್ ಕರೆಂಟು ಗೀಸರ್ ಕಾಯಿಲ್ ದಾಟಿ ಬಂದು, ನಾನು ಹಾಕಿದ ಆ ಎರಡಿಂಚಿನ ತುಂಡಿನ ಮೂಲಕ ಗೀಸರಿನ ಮೈಗೆ ಹತ್ತುತ್ತದೆ. ಅಲ್ಲಿಂದ ನಲ್ಲಿಗೆ, ನೀರಿಗೆ. ಅಜ್ಜಿ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಸ್ಕ್ರೂ ಪೂರ್ತಿ ಬಿಟ್ಟಿರಲಿಲ್ಲ. ಅಷ್ಟೇ.

ಮಾವ ಮೋಸ ಮಾಡುವ ಮನುಷ್ಯ ಅಲ್ಲ. ಒಂದು ಅಡಿ ವೈರ್ ಉಳಿದರೂ ಮನೆಯವರಿಗೆ ವಾಪಸ್ ಕೊಡುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಇಷ್ಟು ಮನೆ ಮಾಡಿದವರಿಗೆ ಯಾಕೆ ಗೊತ್ತಾಗಲಿಲ್ಲ ಅನ್ನುವುದನ್ನು ನಾನು ಬಹಳ ಯೋಚಿಸಿದ್ದೇನೆ. ಪೈಪ್ ಕಟ್ಟಿಕೊಂಡರೆ ವೈರ್ ಎಳೆಯುವ ದಿನವೇ ಗೊತ್ತಾಗುತ್ತದೆ, ಬೈಸಿಕೊಳ್ಳುತ್ತೀರಿ, ಮುಂದಿನ ಮನೆಯಲ್ಲಿ ಆ ತಪ್ಪು ಮಾಡುವುದಿಲ್ಲ. ಸ್ವಿಚ್ ತಪ್ಪಿದರೆ ಬಲ್ಬ್ ಉರಿಯುವುದಿಲ್ಲ. ಇಂಥ ತಪ್ಪುಗಳನ್ನು ಕೆಲಸವೇ ತಿದ್ದುತ್ತದೆ. ಅರ್ತಿಂಗ್ ಇಲ್ಲದಿದ್ದರೂ ಬಲ್ಬ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಗೀಸರ್ ಕಾಯುತ್ತದೆ, ಮನೆಯವರು ಗೃಹಪ್ರವೇಶಕ್ಕೆ ಕರೆದು ಊಟ ಹಾಕುತ್ತಾರೆ. ನೂರು ಮನೆಯಲ್ಲಿ ಅದೇ ತಪ್ಪು ಮಾಡಿದರೂ ಒಂದು ಮನೆಯೂ ವಾಪಸ್ ಬಂದು ಹೇಳುವುದಿಲ್ಲ. ಹಾಗಾಗಿ ‘ಇಷ್ಟು ವರ್ಷದ ಅನುಭವ ಇದೆ’ ಅನ್ನುವ ಮಾತು ಪೈಪ್ ಎಳೆಯುವುದಕ್ಕೆ ಸಾಕ್ಷಿ. ಜೀವ ಉಳಿಸುವ ಭಾಗಕ್ಕೆ ಅದು ಸಾಕ್ಷಿಯೇ ಅಲ್ಲ.

ಆ ಭಾಗವನ್ನು ಲೆಕ್ಕ ಹಾಕಿ, ಅಳೆದು ಮಾತ್ರ ಕಲಿಯಬಹುದು. ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪೈಪ್ ನೆಟ್ಟರೆ ಅರ್ತಿಂಗ್ ಆಯಿತು ಎಂದು ನಾನೂ ನಂಬಿದ್ದೆ. ಬಯಲುಸೀಮೆಯ ಒಣ ನೆಲದಲ್ಲಿ ಆ ಗುಂಡಿಯ ರೆಸಿಸ್ಟೆನ್ಸ್ 50 ಓಮ್ ಇದೆ ಅಂದುಕೊಳ್ಳಿ. ಗೀಸರಿನ ಮೈಗೆ ಫೇಸ್ ತಾಗಿತು. 230ನ್ನು 50ರಿಂದ ಭಾಗಿಸಿ. 4.6 ಆಂಪ್ ಹರಿಯುತ್ತದೆ. ಡಿಬಿಯಲ್ಲಿರುವುದು 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ಅದು ಮಿಸುಕುವುದೂ ಇಲ್ಲ. ಅರ್ತಿಂಗ್ ಇದೆ, ಎಂಸಿಬಿ ಇದೆ, ಗೀಸರಿನ ಮೈಯಲ್ಲಿ ಕರೆಂಟೂ ಇದೆ! ಇಲ್ಲಿ ಕಾಪಾಡುವುದು 30 ಮಿಲಿ ಆಂಪ್ ಸೋರಿದರೆ ಬೀಳುವ ಆರ್‌ಸಿಸಿಬಿ. ಹಳೆಯ 60 ವ್ಯಾಟ್ ಬಲ್ಬ್ ಎಳೆಯುತ್ತಿದ್ದದ್ದೇ ಸುಮಾರು 260 ಮಿಲಿ ಆಂಪ್. ಅದರ ಎಂಟನೇ ಒಂದು ಭಾಗ ಮೈಯೊಳಗೆ ಹರಿದರೆ ಸಾಕು, ಎದೆಬಡಿತ ತಪ್ಪುವ ಅಪಾಯ ಶುರುವಾಗುತ್ತದೆ.

ಈ ಆರ್‌ಸಿಸಿಬಿಗೆ ಸೈಟಿನಲ್ಲಿ ಆಗುವ ಗತಿ ನೋಡಿ. ‘ಪದೇಪದೇ ಬೀಳುತ್ತೆ’ ಎಂದು ಮನೆಯವರು ದೂರುತ್ತಾರೆ. ವೈರಿಂಗ್‌ನವರು ಬಂದು ಅದನ್ನು ಬೈಪಾಸ್ ಮಾಡುತ್ತಾರೆ. ಬೀಳುವುದು ನಿಲ್ಲುತ್ತೆ, ಎಲ್ಲರಿಗೂ ಸಮಾಧಾನ. ನಾನು ಬಿಚ್ಚಿ ನೋಡಿದ ಕಡೆಗಳಲ್ಲಿ ಬಹಳ ಸಲ ಸಿಕ್ಕಿದ್ದು, ಆರ್‌ಸಿಸಿಬಿ ದಾಟಿ ಹೋದ ಫೇಸಿಗೆ ದಾಟದ ಇನ್ನೊಂದು ಸರ್ಕ್ಯೂಟಿನ ನ್ಯೂಟ್ರಲ್ ಸೇರಿಸಿದ್ದು. ಇಲ್ಲವೇ ಎಲ್ಲೋ ನ್ಯೂಟ್ರಲ್ ಹೋಗಿ ಅರ್ತಿಂಗ್‌ಗೆ ತಾಗಿದ್ದು. ಅಂದರೆ ಆ ಪೆಟ್ಟಿಗೆ ಸರಿಯಾಗೇ ಹೇಳುತ್ತಿತ್ತು. ಕೇಳಿಸಿಕೊಳ್ಳಲು ಬರುವವರು ಇರಲಿಲ್ಲ. ಬೀಳುವ ಕಾರಣ ಹುಡುಕಬಲ್ಲವನು ನನ್ನ ಲೆಕ್ಕದಲ್ಲಿ ಎಲೆಕ್ಟ್ರಿಷಿಯನ್. ಬೀಳದ ಹಾಗೆ ಮಾಡುವವನು ಅಲ್ಲ.

ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಜಾಸ್ತಿ ಜನ ಕರೆಂಟ್ ಹೊಡೆದು ಸಾಯುತ್ತಿದ್ದಾರೆ ಎಂದು ಕೆಲವು ವರ್ಷಗಳಿಂದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವರದಿಗಳು ಹೇಳುತ್ತಿವೆ. ಎಲ್ಲವೂ ಮನೆಯೊಳಗಿನ ಸಾವಲ್ಲ, ಹೊಲದ ಪಂಪ್‌ಸೆಟ್ಟು, ಹರಿದುಬಿದ್ದ ಲೈನು ಎಲ್ಲ ಅದರಲ್ಲಿ ಸೇರಿವೆ. ಆದರೂ ಬಟ್ಟೆ ಒಣಹಾಕುವ ತಂತಿ, ಸಂಪಿನ ಮೋಟಾರು, ವಾಟರ್ ಹೀಟರಿನ ಸುದ್ದಿ ಪೇಪರಿನಲ್ಲಿ ಓದದ ತಿಂಗಳು ನನಗೆ ನೆನಪಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಜಗಳವೂ ಅಲ್ಲ. ಇಂಗ್ಲೆಂಡಿನಲ್ಲಿ 2004ರಲ್ಲಿ ಸಂಸದೆ ಜೆನ್ನಿ ಟಾಂಜ್ ಅವರ ಮಗಳು ತನ್ನ ಅಡುಗೆಮನೆಯಲ್ಲೇ ಕರೆಂಟ್ ಹೊಡೆದು ತೀರಿಕೊಂಡರು. ಗೋಡೆಯೊಳಗೆ ಕೇಬಲ್ ಹೋಗಬಾರದ ದಾರಿಯಲ್ಲಿ ಹೋಗಿತ್ತು, ಪಾತ್ರೆ ಸಾಮಾನು ತೂಗುಹಾಕುವ ಲೋಹದ ಪಟ್ಟಿಯ ಸ್ಕ್ರೂ ಅದಕ್ಕೆ ತಾಗಿತ್ತು. 2005ರ ಜನವರಿಯಿಂದ ಅಲ್ಲಿ ಮನೆಯ ವಿದ್ಯುತ್ ಕೆಲಸಕ್ಕೆ ಪಾರ್ಟ್ ಪಿ ಎಂಬ ನಿಯಮ ಬಂತು. ‘ಡೊಮೆಸ್ಟಿಕ್ ಇನ್‌ಸ್ಟಾಲರ್’ ಎಂದು ನೋಂದಾಯಿಸಿಕೊಂಡವರು ಮನೆ ಕೆಲಸ ಮಾಡಿ ತಾವೇ ಸರ್ಟಿಫಿಕೇಟ್ ಕೊಡಬಹುದು, ಆದರೆ ಅವರ ಕೆಲಸದ ಮಾದರಿಯನ್ನು ಆಗಾಗ ಬಂದು ಪರೀಕ್ಷೆ ಮಾಡುತ್ತಾರೆ. ಇಷ್ಟಾದರೂ ವರ್ಷಗಟ್ಟಲೆ ಅಪ್ರೆಂಟಿಸ್ ಆಗಿ ದುಡಿದು ಬಂದವರು, ಕೆಲವೇ ವಾರಗಳ ಕೋರ್ಸ್ ಮುಗಿಸಿದವರನ್ನು ನಮ್ಮ ಸಮ ಎಂದು ಒಪ್ಪುವುದಿಲ್ಲ. ನಮ್ಮಲ್ಲಿ ಆ ಮಾದರಿ ಪರೀಕ್ಷೆಯೂ ಇಲ್ಲದೆ ಹೆಸರು ಮಾತ್ರ ಕೊಟ್ಟುಬಿಡಿ ಅನ್ನುತ್ತಿದ್ದೇವೆ.

‘ಮನೆ ಕೆಲಸಕ್ಕೆ ಅಷ್ಟೆಲ್ಲ ಯಾಕೆ’ ಅನ್ನುವ ಮಾತು ಮೂವತ್ತು ವರ್ಷದ ಹಿಂದೆ ನಡೆಯುತ್ತಿತ್ತೇನೋ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ. ಈಗ ಚಾವಣಿ ಮೇಲೆ ಸೋಲಾರ್, ಕೆಳಗೆ ಇನ್ವರ್ಟರ್, ಗೇಟಿನ ಹತ್ತಿರ ಕಾರಿನ ಚಾರ್ಜರ್. 2024ರಲ್ಲಿ ಮನೆ ಚಾವಣಿಯ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಬಂದ ಮೇಲೆ ಸಣ್ಣ ಊರಿನ ಮನೆಗಳೂ ಪ್ಯಾನೆಲ್ ಕೇಳುತ್ತಿವೆ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ನೂರಾರು ವೋಲ್ಟ್ ಡಿಸಿ, ಬಿಸಿಲಿರುವ ತನಕ ಮೇನ್ ಆಫ್ ಮಾಡಿದರೂ ಅದು ಸಾಯುವುದಿಲ್ಲ. 7 ಕಿಲೋವ್ಯಾಟ್ ಚಾರ್ಜರ್ ರಾತ್ರಿಯಿಡೀ 30 ಆಂಪ್ ಎಳೆಯುತ್ತದೆ, ಒಂದು ಸಡಿಲ ಜಾಯಿಂಟ್ ಇದ್ದರೂ ಕಾದು ಕರಗುತ್ತದೆ. ಸೈಕಲ್ ಅಂದುಕೊಂಡದ್ದು ಲಾರಿಯೇ ಆಗಿಬಿಟ್ಟಿದೆ.

ಹಾಗಂತ ಐಟಿಐ ಕಾಗದ ಇದ್ದವರೆಲ್ಲ ಎಲೆಕ್ಟ್ರಿಷಿಯನ್ ಎಂದು ನಾನು ಹೇಳುತ್ತಿಲ್ಲ. ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಯಲು ಬಾರದ ಐಟಿಐನವರನ್ನೂ ನೋಡಿದ್ದೇನೆ. ಮನೆಗೆ ಬರದೆ ಸಹಿ ಹಾಕುವವರ ಮೇಲಂತೂ ನನಗೆ ಮಾವನ ಮೇಲಿಗಿಂತ ನೂರು ಪಾಲು ಸಿಟ್ಟಿದೆ. ನಾನು ಕೇಳುವುದು ಒಂದು ಪರೀಕ್ಷೆ, ಎಲ್ಲರಿಗೂ ಒಂದೇ. ಕನ್ನಡದಲ್ಲಿ, ಸೈಟಿನಲ್ಲಿ, ಮೀಟರ್ ಕೈಗೆ ಕೊಟ್ಟು. 500 ವೋಲ್ಟಿನ ಮೆಗ್ಗರ್ ಹಾಕಿ ಒಂದು ನಿಮಿಷ ನೋಡು, 1 ಮೆಗ್‌ಓಮ್ ಮೇಲೆ ಬರುತ್ತಾ ಹೇಳು. ಗುಂಡಿಯ ಓಮ್ ಅಳೆ. ಹಸಿರು ವೈರ್ ಕೊನೆಯ ಸಾಕೆಟ್‌ವರೆಗೆ ಬಿಡದೆ ಬಂದಿದೆಯಾ ತೋರಿಸು. ಆರ್‌ಸಿಸಿಬಿ ಯಾಕೆ ಬಿತ್ತು ಹುಡುಕು. ಇಷ್ಟು ಮಾಡಿದವರಿಗೆ ಆ ಹೆಸರು ಕೊಡಲಿ, ಹತ್ತನೇ ಕ್ಲಾಸ್ ಫೇಲ್ ಆಗಿದ್ದರೂ ಕೊಡಲಿ. ಅಲ್ಲಿಯವರೆಗೆ ಅವರು ಒಳ್ಳೆಯ ವೈರಿಂಗ್ ಕೆಲಸಗಾರರು, ಅಳೆದು ನೋಡಲು ಇನ್ನೊಬ್ಬರು ಬರಲೇಬೇಕು.

ಆ ಅಜ್ಜಿಯ ಮನೆಗೆ ಮರುವಾರ ಮಾವನನ್ನೂ ಕರೆದುಕೊಂಡು ಹೋದೆ. ಡಿಬಿಯಿಂದ ಬಾತ್‌ರೂಮ್‌ವರೆಗೆ ಹೊಸ ಹಸಿರು ವೈರನ್ನು ಹಳೆಯ ಪೈಪಿನಲ್ಲೇ ಅವರೇ ಎಳೆದರು, ಸಲೀಸಾಗಿ ಬಂತು. ಗುಂಡಿ 38 ಓಮ್ ತೋರಿಸಿತು. ಆರ್‌ಸಿಸಿಬಿ ಹಾಕಿದೆವು. ಟೆಸ್ಟ್ ಬಟನ್ ಒತ್ತಿ ಅದು ಬೀಳುವುದನ್ನು ಮಾವ ಮೂರು ಸಲ ನೋಡಿದರು. ಆಮೇಲೆ ನನ್ನ ಜೇಬಿನಿಂದ ಮಾರ್ಕರ್ ತೆಗೆದುಕೊಂಡು, ಡಿಬಿ ಬಾಗಿಲ ಒಳಗೆ ತಾರೀಕು ಹಾಕಿ ಎಲ್ಲ ರೀಡಿಂಗ್ ಬರೆದರು. ‘ಉಳಿದ ಮನೆಗಳ ಪಟ್ಟಿ ಮಾಡು’ ಅಂದರು. ಇಲ್ಲಿಯವರೆಗೆ ಹದಿನೇಳು ಮನೆ ಮುಗಿದಿದೆ.